ಗ್ಲ್ಯಾಡ್‌ಸ್ಟನ್ ಮನೆತನದ ಕಾಗದಗಳ ಬೆನ್ನು ಹತ್ತಿ

ಸ್ಕಾಟ್ಲೆಂಡಿನ ಹಳೇ ಮನೆತನವೊಂದರ ಬೇರು ಹುಡುಕಬೇಕಾದರೆ ಮೊದಲು ಮಕ್ಕಳ ಹೆಸರು ನೋಡಬೇಕು. ಅಲ್ಲಿ ಹೆಸರಿಡುವುದಕ್ಕೆ ಒಂದು ಕ್ರಮ ಇತ್ತು. ಹಿರಿಮಗನಿಗೆ ಅಪ್ಪನ ಅಪ್ಪನ ಹೆಸರು, ಎರಡನೆಯವನಿಗೆ ಅಮ್ಮನ ಅಪ್ಪನ ಹೆಸರು, ಮೂರನೆಯವನಿಗೆ ಅಪ್ಪನದೇ ಹೆಸರು. ತಾತನ ಹೆಸರನ್ನು ಮೊಮ್ಮಗನಿಗೆ ಇಡುವ ನಮಗೆ ಇದೇನೂ ಹೊಸದಲ್ಲ, ಅಲ್ವಾ? ಎಲ್ಲರೂ ಅಕ್ಷರಶಃ ಪಾಲಿಸುತ್ತಿರಲಿಲ್ಲ. ಆದರೆ ಎಷ್ಟು ಜನ ಪಾಲಿಸುತ್ತಿದ್ದರು ಅಂದರೆ, ಮಕ್ಕಳ ಪಟ್ಟಿ ಕೈಗೆ ಸಿಕ್ಕರೆ ಅಜ್ಜ ಅಜ್ಜಿಯರನ್ನು ಅರ್ಧ ಊಹಿಸಿಬಿಡಬಹುದು.

ಜಾನ್ ಗ್ಲ್ಯಾಡ್‌ಸ್ಟನ್ ಎಂಬ ವ್ಯಾಪಾರಿಯ ಮಕ್ಕಳನ್ನೇ ನೋಡಿ. ಹಿರಿಮಗ ಥಾಮಸ್. ಅಂದಮೇಲೆ ಜಾನನ ಅಪ್ಪ ಥಾಮಸ್ ಇರಬೇಕು. ಹೌದು, ಲೀತ್ ಬಂದರಿನ ಧಾನ್ಯದ ವ್ಯಾಪಾರಿ ಥಾಮಸ್. ಎರಡನೆಯವನು ರಾಬರ್ಟ್‌ಸನ್. ಅದು ತಾಯಿಯ ತವರಿನ ಮನೆತನದ ಹೆಸರು. ತಾಯಿ ಆನ್, ಉತ್ತರದ ಡಿಂಗ್‌ವಾಲ್ ಊರಿನ ಪ್ರೊವೋಸ್ಟ್ ಆಂಡ್ರ್ಯೂ ರಾಬರ್ಟ್‌ಸನ್‌ನ ಮಗಳು. ಪ್ರೊವೋಸ್ಟ್ ಅಂದರೆ ಆ ಕಡೆಯ ಮೇಯರ್. ಮೂರನೆಯವನು ಜಾನ್ ನೀಲ್ಸನ್. ಜಾನ್ ಅಪ್ಪನ ಹೆಸರು, ನೀಲ್ಸನ್ ಅಪ್ಪನ ಅಮ್ಮನ ತವರಿನ ಹೆಸರು. ಕಿರಿಮಗಳು ಹೆಲೆನ್, ಅದೂ ಅದೇ ಅಜ್ಜಿಯ ಹೆಸರು. ನಾಲ್ಕನೆಯ ಮಗನ ಹೊತ್ತಿಗೆ ನೆಂಟರ ಹೆಸರು ಖಾಲಿಯಾಗಿರಬೇಕು. ಅವನಿಗೆ ಲಿವರ್‌ಪೂಲ್‌ನ ವ್ಯಾಪಾರಿ ಗೆಳೆಯನೊಬ್ಬನ ಹೆಸರನ್ನು ಇಡಿಯಾಗಿ ಇಟ್ಟರು: ವಿಲಿಯಂ ಯೂವರ್ಟ್. 1809ರಲ್ಲಿ ಹುಟ್ಟಿದ ಈ ಮಗು ಮುಂದೆ ನಾಲ್ಕು ಸಲ ಬ್ರಿಟನ್ನಿನ ಪ್ರಧಾನಿಯಾಯಿತು.

ಪ್ರಧಾನಿಯ ಬಗ್ಗೆ ಬರೆದವರು ಬೇಕಾದಷ್ಟು ಜನ ಇದ್ದಾರೆ. ನನಗೆ ಕುತೂಹಲ ಹುಟ್ಟಿಸಿದ್ದು ಅವನ ಅಪ್ಪ, ಅಜ್ಜ, ಮುತ್ತಜ್ಜ. ಎಡಿನ್‌ಬರೋದಲ್ಲಿ ನೆಲೆಸಿದ ಮೇಲೆ ಈ ಹೆಸರು ನನಗೆ ಹೆಜ್ಜೆಹೆಜ್ಜೆಗೂ ಸಿಗತೊಡಗಿತು.

ಮೊದಲು ಸಿಗುವುದು ಹಳೇ ಪೇಟೆಯ ಲಾನ್‌ಮಾರ್ಕೆಟ್‌ನಲ್ಲಿ. ಕೋಟೆಯಿಂದ ಇಳಿದು ಬರುವ ರಸ್ತೆಯಲ್ಲಿ ಆರು ಅಂತಸ್ತಿನ, ಕಿರಿದಾದ ಕಲ್ಲಿನ ಕಟ್ಟಡವೊಂದಿದೆ. ಹೆಸರು ಗ್ಲ್ಯಾಡ್‌ಸ್ಟನ್ಸ್ ಲ್ಯಾಂಡ್. ಇಲ್ಲಿ ಲ್ಯಾಂಡ್ ಅಂದರೆ ಜಮೀನಲ್ಲ, ಇಡೀ ವಠಾರ. 1617ರಲ್ಲಿ ಥಾಮಸ್ ಗ್ಲೆಡ್‌ಸ್ಟೇನ್ಸ್ ಎಂಬ ವ್ಯಾಪಾರಿ ಇದನ್ನು ಕೊಂಡ. ಊರಿಗೆ ಕೋಟೆಗೋಡೆ ಇತ್ತು, ಅಗಲಕ್ಕೆ ಬೆಳೆಯಲು ಜಾಗವಿರಲಿಲ್ಲ. ಹಾಗಾಗಿ ಎಲ್ಲರೂ ಮೇಲಕ್ಕೆ ಕಟ್ಟುತ್ತಿದ್ದರು. ಥಾಮಸ್ ಒಂದು ಹೆಜ್ಜೆ ಮುಂದೆ ಹೋಗಿ ಮನೆಯ ಮುಂಭಾಗವನ್ನು ರಸ್ತೆಯ ಕಡೆಗೇ ತಳ್ಳಿದ. ಕೆಳಗೆ ಕಮಾನುಗಳು, ಕಮಾನಿನ ಹಿಂದೆ ಅಂಗಡಿ. ಇವತ್ತಿನ ಭಾಷೆಯಲ್ಲಿ ಹೇಳಬೇಕೆಂದರೆ ಫುಟ್‌ಪಾತ್ ಒತ್ತುವರಿ. ಎಲ್ಲ ಕಾಲದ ಅಂಗಡಿಯವರೂ ಒಂದೇ ಜಾತಿ!

ಒಳಗೆ ಹೋದರೆ ತಲೆಯ ಮೇಲೆ ಮರದ ಚಾವಣಿ. ಅದರ ತುಂಬ ಹೂವು, ಹಣ್ಣು, ಬಳ್ಳಿಗಳ ಬಣ್ಣದ ಚಿತ್ರ. 1930ರ ದಶಕದಲ್ಲಿ ಕಟ್ಟಡವನ್ನು ಕೆಡವಬೇಕೆಂದು ಹೊರಟಿದ್ದಾಗ ನ್ಯಾಷನಲ್ ಟ್ರಸ್ಟ್ ಫಾರ್ ಸ್ಕಾಟ್ಲೆಂಡ್ ಅದನ್ನು ಉಳಿಸಿಕೊಂಡಿತು. ಚಿತ್ರಗಳು ಹೊರಬಂದದ್ದೂ ಆಗಲೇ. ಆದರೆ ನನಗೆ ಚಿತ್ರಕ್ಕಿಂತ ಬಾಡಿಗೆದಾರರ ವಿಷಯ ಜಾಸ್ತಿ ಇಷ್ಟವಾಯಿತು. ಥಾಮಸ್ ಮನೆಯ ಒಂದು ಭಾಗದಲ್ಲಿ ಇದ್ದು ಉಳಿದದ್ದನ್ನು ಬಾಡಿಗೆಗೆ ಕೊಟ್ಟಿದ್ದ. ಒಬ್ಬ ಪಾದ್ರಿ, ಒಬ್ಬ ನೈಟ್ ಪದವಿಯ ದೊಡ್ಡ ಮನುಷ್ಯ, ಒಬ್ಬ ಅಂಗಡಿಯವ, ಎಲ್ಲರೂ ಒಂದೇ ಮೆಟ್ಟಿಲು ಹತ್ತಿಳಿಯುತ್ತಿದ್ದರು. ಹಳೇ ಎಡಿನ್‌ಬರೋದಲ್ಲಿ ಬಡವ ಬಲ್ಲಿದರಿಗೆ ಬೇರೆ ಬೇರೆ ಬಡಾವಣೆ ಇರಲಿಲ್ಲ, ಬೇರೆ ಬೇರೆ ಅಂತಸ್ತು ಇತ್ತು. ನಡುವಿನ ಮಹಡಿಗಳಿಗೆ ಬೇಡಿಕೆ ಹೆಚ್ಚು. ಕೆಳಗೆ ರಸ್ತೆಯ ನಾತ, ಮೇಲೆ ಹತ್ತಿ ಹತ್ತಿ ಸುಸ್ತು.

ಈ ಥಾಮಸ್ ಪ್ರಧಾನಿಯ ನೇರ ಪೂರ್ವಜನಲ್ಲ, ದೂರದ ದಾಯಾದಿ. ಪ್ರವಾಸಿಗರನ್ನು ಕರೆತರುವವರು ಇದನ್ನು ಪ್ರಧಾನಿಯ ಅಜ್ಜನ ಮನೆ ಎಂದುಬಿಟ್ಟರೆ ನಂಬಬೇಡಿ.

ಅವನು ಮನೆ ಕೊಂಡ 1617, ಸ್ಕಾಟ್ಲೆಂಡಿನ ದಾಖಲೆಗಳ ಮಟ್ಟಿಗೆ ದೊಡ್ಡ ವರ್ಷ. ಆಸ್ತಿ ಕೈ ಬದಲಾದದ್ದನ್ನೆಲ್ಲ ಬರೆದಿಡುವ ರಿಜಿಸ್ಟರ್ ಆಫ್ ಸೇಸಿನ್ಸ್ ಶುರುವಾದದ್ದು ಅದೇ ವರ್ಷ. ಅದಕ್ಕೂ ಮುಂಚಿನಿಂದ ಇದ್ದ ಪದ್ಧತಿ ಚೆನ್ನಾಗಿದೆ. ಕೊಂಡವನು ಆ ಜಾಗಕ್ಕೇ ಹೋಗಬೇಕು. ಅಲ್ಲಿ ಅವನ ಕೈಗೆ ಒಂದು ಹಿಡಿ ಮಣ್ಣು, ಒಂದು ಕಲ್ಲು ಕೊಡುತ್ತಾರೆ. ಮೀನು ಹಿಡಿಯುವ ಹಕ್ಕಾದರೆ ಬಲೆ ಮತ್ತು ದೋಣಿ. ಸಾಕ್ಷಿಗಳು ನೋಡುತ್ತಾರೆ, ನೋಟರಿ ಬರೆದುಕೊಳ್ಳುತ್ತಾನೆ. ಆ ಬರಹ ದಫ್ತರಿಗೆ ಹೋಗುತ್ತದೆ. ಮಣ್ಣು ಕೊಡುವ ಶಾಸ್ತ್ರ 1845ರವರೆಗೂ ನಡೆಯಿತು. ಈ ಪುಸ್ತಕಗಳಿಂದಾಗಿ, ಸ್ವಲ್ಪ ಆಸ್ತಿ ಇದ್ದ ಸ್ಕಾಟಿಷ್ ಮನೆತನವನ್ನು ಇಂಥವನಿಂದ ಇಂಥವನಿಗೆ ಎಂದು ಹಿಂದಕ್ಕೆ ಹಿಡಿದುಕೊಂಡು ಹೋಗಬಹುದು. ಆಸ್ತಿ ಇಲ್ಲದವರಿಗೆ ಈ ದಾರಿಯೇ ಇಲ್ಲ.

ಪ್ರಧಾನಿಯ ನೇರ ಹಿರಿಯರು ಇದ್ದದ್ದು ದಕ್ಷಿಣಕ್ಕೆ, ಲ್ಯಾನಾರ್ಕ್‌ಶೈರ್ ಕಡೆ. ಒಂದು ಕಾಲಕ್ಕೆ ಜಮೀನಿದ್ದ ಮನೆತನ. 17ನೇ ಶತಮಾನದ ಕೊನೆಯ ಹೊತ್ತಿಗೆ ಅದು ಕರಗಿತು. ಬಿಗ್ಗರ್ ಎಂಬ ಸಣ್ಣ ಸಂತೆಪೇಟೆಗೆ ಬಂದು ಮಾಲ್ಟ್ ಮಾಡುವ ಕಸುಬು ಹಿಡಿದರು. ಬಾರ್ಲಿಯನ್ನು ನೆನೆಸಿ, ನೆಲದ ಮೇಲೆ ಹರಡಿ, ಮೊಳಕೆ ಒಡೆದ ಮೇಲೆ ಗೂಡಿನ ಶಾಖದಲ್ಲಿ ಒಣಗಿಸಿ ಬಿಯರ್ ಮಾಡುವವರಿಗೆ ಮಾರುವ ಕೆಲಸ. ಮರ್ಯಾದಸ್ಥರ ಕಸುಬು, ಆದರೆ ರಾತ್ರಿ ನಿದ್ದೆ ಇಲ್ಲ. ಮೊಳಕೆ ಬಿಸಿಯಾಗದ ಹಾಗೆ ಕಾಳನ್ನು ಮತ್ತೆ ಮತ್ತೆ ತಿರುವುತ್ತಿರಬೇಕು. ಮಾಲ್ಟ್‌ನವನ ಮಗ ಧಾನ್ಯದ ವ್ಯಾಪಾರಿಯಾಗುವುದು ಸಹಜ. 1732ರಲ್ಲಿ ಹುಟ್ಟಿದ ಥಾಮಸ್ ಬಿಗ್ಗರ್ ಬಿಟ್ಟು ಲೀತ್‌ಗೆ ಬಂದು ಅದನ್ನೇ ಮಾಡಿದ.

ಲೀತ್ ಎಡಿನ್‌ಬರೋದ ಬಂದರು. ಆದರೆ ಬಹಳ ಕಾಲ ಅದಕ್ಕೆ ಸ್ವಂತ ಅಧಿಕಾರ ಇರಲಿಲ್ಲ. ಹಡಗು ನಿಲ್ಲುವುದು ಲೀತ್‌ನಲ್ಲಿ, ಹುಕುಂ ಬರುವುದು ಗುಡ್ಡದ ಮೇಲಿನ ಎಡಿನ್‌ಬರೋದಿಂದ. 1672ರವರೆಗೆ ಹೊರದೇಶದ ವ್ಯಾಪಾರ ರಾಯಲ್ ಬರ್ಗ್ ಎಂಬ, ರಾಜನ ಸನ್ನದು ಪಡೆದ ಪಟ್ಟಣಗಳ ಸ್ವತ್ತಾಗಿತ್ತು. ಅಂಥ ಪಟ್ಟಣದಲ್ಲಿ ಅಂಗಡಿ ಇಡಬೇಕಾದರೆ ಬರ್ಜೆಸ್, ಅಂದರೆ ವ್ಯಾಪಾರದ ಹಕ್ಕುಳ್ಳ ಪಟ್ಟಣಿಗ, ಆಗಬೇಕು. ದುಡ್ಡು ಕೊಟ್ಟು ಆಗಬಹುದು, ಅಪ್ಪ ಬರ್ಜೆಸ್ ಆಗಿದ್ದರೆ ಕಡಿಮೆ ದುಡ್ಡಿಗೆ ಆಗಬಹುದು, ಬರ್ಜೆಸ್ ಒಬ್ಬನ ಮಗಳನ್ನು ಮದುವೆಯಾಗಿಯೂ ಆಗಬಹುದು. ಎಡಿನ್‌ಬರೋದ ಬರ್ಜೆಸ್ ಪಟ್ಟಿ ಓದಿದರೆ ಸಾಲು ಸಾಲಾಗಿ ಇದೇ ಕತೆ. ಇಂಥವನು, ಇಂಥ ಕಸುಬಿನವನು, ಇಂಥವನ ಮಗಳಾದ ತನ್ನ ಹೆಂಡತಿಯ ಹಕ್ಕಿನಿಂದ ಸೇರಿಕೊಂಡ. ಗಂಡಸರ ಪಟ್ಟಿ ಅಂತ ತೆರೆದರೆ ಪುಟ ಪುಟದಲ್ಲೂ ಹೆಂಗಸರ ಹೆಸರು. ಸ್ಕಾಟ್ಲೆಂಡಿನಲ್ಲಿ ಇನ್ನೊಂದು ಅನುಕೂಲ ಇದೆ. ಮದುವೆಯಾದ ಮೇಲೂ ದಾಖಲೆಗಳಲ್ಲಿ, ಗೋರಿಕಲ್ಲುಗಳಲ್ಲಿ ಹೆಂಗಸಿನ ತವರಿನ ಹೆಸರು ಉಳಿಯುತ್ತದೆ. ಇಂಗ್ಲೆಂಡಿನಲ್ಲಿ ವಂಶ ಹುಡುಕುವವರು ಹೊಟ್ಟೆಕಿಚ್ಚು ಪಡುವುದು ಇದಕ್ಕೇ.

ಥಾಮಸ್ ಮತ್ತು ಹೆಲೆನ್ ನೀಲ್ಸನ್‌ಗೆ 16 ಮಕ್ಕಳು. ಹಿರಿಯವನು ಜಾನ್, 1764ರ ಡಿಸೆಂಬರ್ 11ರಂದು ಹುಟ್ಟಿದ. ಬಿಗ್ಗರ್‌ನ ಅಜ್ಜನ ಹೆಸರೂ ಜಾನ್, ಅಲ್ಲಿಗೆ ಲೆಕ್ಕ ಸರಿಹೋಯಿತು. ಆ ಕಾಲದ ಚರ್ಚಿನ ರಿಜಿಸ್ಟರ್‌ಗಳಲ್ಲಿ ನಾಮಕರಣದ ಸಾಲಿನಲ್ಲಿ ಅಪ್ಪ, ಅಪ್ಪನ ಕಸುಬು, ಅಮ್ಮ, ಅಮ್ಮನ ತವರಿನ ಹೆಸರು ಸಿಗುತ್ತವೆ. ಅದೃಷ್ಟವಿದ್ದರೆ ಸಾಕ್ಷಿಗಳ ಹೆಸರೂ ಇರುತ್ತದೆ. ವ್ಯಾಪಾರಿಗಳ ಮಟ್ಟಿಗೆ ಸಾಕ್ಷಿಗಳು ಮುಖ್ಯ. ಮಗುವಿನ ನಾಮಕರಣಕ್ಕೆ ನಿಂತವನು ಎಷ್ಟೋ ಸಲ ಅಪ್ಪನ ಪಾಲುದಾರ, ಇಲ್ಲವೇ ಸಾಲ ಕೊಟ್ಟವ. ಸರ್ಕಾರವೇ ಹುಟ್ಟು ಸಾವು ಬರೆದುಕೊಳ್ಳಲು ಶುರು ಮಾಡಿದ್ದು 1855ರಲ್ಲಿ. ಆ ಮೊದಲ ವರ್ಷ ಎಷ್ಟು ವಿವರ ಕೇಳಿದರೆಂದರೆ, ಬರೆಯುವವರಿಗೇ ಸಾಕಾಗಿ ಮರುವರ್ಷ ಕಡಿಮೆ ಮಾಡಿದರು.

ವ್ಯಾಪಾರಿಗಳ ದಾಖಲೆಗಳಲ್ಲಿ ನನಗೆ ಎಲ್ಲಕ್ಕಿಂತ ರುಚಿ ಹತ್ತಿಸಿದ್ದು ಸತ್ತವರ ಆಸ್ತಿಪಟ್ಟಿ. ಟೆಸ್ಟಮೆಂಟ್ ಎಂದು ಕರೆಯುತ್ತಾರೆ. ಅಂಗಡಿಯಲ್ಲಿ ಉಳಿದ ಬಟ್ಟೆ ಎಷ್ಟು, ಉಪ್ಪು ಎಷ್ಟು, ಮನೆಯಲ್ಲಿ ಪಾತ್ರೆ ಎಷ್ಟು. ಆಮೇಲೆ ಸತ್ತವನಿಗೆ ಬರಬೇಕಾದ ಸಾಲ, ಸತ್ತವನು ಕೊಡಬೇಕಾದ ಸಾಲ. ಒಂದೊಂದು ಹೆಸರಿನ ಮುಂದೆ ಒಂದೊಂದು ಮೊತ್ತ. ಊರಿನ ಅರ್ಧ ಜನ ಅದರಲ್ಲಿ ಸಿಗುತ್ತಾರೆ. ಸ್ವಂತದ್ದೊಂದು ಕಾಗದವೂ ಇಲ್ಲದ ಕೂಲಿಯವಳು ಅಂಗಡಿಯವನ ಬಾಕಿಪಟ್ಟಿಯಲ್ಲಿ ಮಾತ್ರ ಬದುಕಿರುತ್ತಾಳೆ. ಇದನ್ನು ನೆನಪಿನಲ್ಲಿಡಿ, ಮುಂದೆ ಬೇಕಾಗುತ್ತದೆ.

ಜಾನ್ 13ನೇ ವಯಸ್ಸಿಗೆ ಶಾಲೆ ಬಿಟ್ಟ. ಹಡಗಿನ ಹಗ್ಗ, ಹಾಯಿಬಟ್ಟೆ ಮಾಡುವ ಕಂಪನಿಯೊಂದರಲ್ಲಿ ಕೆಲಸ ಕಲಿತ. ಆಮೇಲೆ ಅಪ್ಪನ ಧಾನ್ಯದ ವ್ಯಾಪಾರ. 1787ರಲ್ಲಿ ಲಿವರ್‌ಪೂಲ್‌ಗೆ ಹೋಗಿ ಕೋರಿ ಎಂಬ ಧಾನ್ಯದ ವ್ಯಾಪಾರಿಯ ಜೊತೆ ಸೇರಿದ. ಲಿವರ್‌ಪೂಲ್ ಆಗ ಗುಲಾಮರ ವ್ಯಾಪಾರದಲ್ಲಿ ದೇಶಕ್ಕೇ ದೊಡ್ಡ ಬಂದರು. ಜಾನ್ ಧಾನ್ಯದಿಂದ ಹತ್ತಿಗೆ, ಸಕ್ಕರೆಗೆ, ಹಡಗುಗಳಿಗೆ, ಕೊನೆಗೆ ವೆಸ್ಟ್ ಇಂಡೀಸ್ ಕಡೆಯ ತೋಟಗಳಿಗೆ ಕೈ ಹಾಕಿದ. ಜಮೈಕಾದಲ್ಲಿ, ಮತ್ತೆ ಇಂದಿನ ಗಯಾನಾ ದೇಶದ ಡೆಮೆರಾರಾದಲ್ಲಿ. ಒಂದು ಸಲವೂ ಅಲ್ಲಿಗೆ ಹೋಗಿ ನೋಡಲಿಲ್ಲ. ಎರಡನೇ ಮಗ ರಾಬರ್ಟ್‌ಸನ್ ಹೋಗಿ ಬಂದ. ಅಪ್ಪ ಮೇಜಿನ ಹಿಂದೆ ಕೂತು ಪತ್ರ ಬರೆಯುತ್ತಿದ್ದ.

ಇಲ್ಲಿಯವರೆಗೆ ಹುಡುಕಾಟ ಬಹಳ ಸುಖವಾಗಿತ್ತು. ಹೆಸರು ಸಿಕ್ಕರೆ ಅಪ್ಪ ಸಿಗುತ್ತಿದ್ದ, ಅಪ್ಪ ಸಿಕ್ಕರೆ ಮನೆ ಸಿಗುತ್ತಿತ್ತು. ಡೆಮೆರಾರಾದಲ್ಲಿ ಇನ್ನೊಬ್ಬ ಗ್ಲ್ಯಾಡ್‌ಸ್ಟನ್ ಎದುರಾದ. ಜ್ಯಾಕ್ ಗ್ಲ್ಯಾಡ್‌ಸ್ಟನ್. ಸಕ್ಸೆಸ್ ಎಂಬ ಹೆಸರಿನ ತೋಟದಲ್ಲಿ ಪೀಪಾಯಿ ಮಾಡುವ ಗುಲಾಮ. ಮನೆತನದ ಹೆಸರು ಅವನಿಗೆ ಬಂದದ್ದು ಒಡೆಯನಿಂದ. ಅವನ ಅಪ್ಪ ಕ್ವಾಮಿನಾ ಆಫ್ರಿಕಾದಲ್ಲಿ ಹುಟ್ಟಿದವನು, ತೋಟದ ಮುಖ್ಯ ಬಡಗಿ. 1823ರ ಆಗಸ್ಟ್ 18ರಂದು ಡೆಮೆರಾರಾದ ಗುಲಾಮರು ದಂಗೆ ಎದ್ದಾಗ ಮುಂದೆ ನಿಂತವನು ಜ್ಯಾಕ್. ಲಂಡನ್ನಿನಿಂದ ಬಿಡುಗಡೆಯ ಆದೇಶ ಬಂದಿದೆ, ಒಡೆಯರು ಮುಚ್ಚಿಟ್ಟಿದ್ದಾರೆ ಎಂಬ ಮಾತು ಹಬ್ಬಿತ್ತು. ಸಾವಿರಾರು ಜನ ಸೇರಿದರು. ಕೆಲವೇ ದಿನಗಳಲ್ಲಿ ಸೈನ್ಯ ದಂಗೆಯನ್ನು ಹತ್ತಿಕ್ಕಿತು. ಕ್ವಾಮಿನಾನನ್ನು ಗುಂಡಿಟ್ಟು ಕೊಂದು, ಹೆಣವನ್ನು ಸರಪಳಿಯಲ್ಲಿ ಕಟ್ಟಿ ಸಕ್ಸೆಸ್ ತೋಟದ ಎದುರು ತೂಗುಹಾಕಿದರು. ಜ್ಯಾಕ್‌ನನ್ನು ಸೇಂಟ್ ಲೂಸಿಯಾ ದ್ವೀಪಕ್ಕೆ ಗಡಿಪಾರು ಮಾಡಿದರು.

ಅದೇ ವರ್ಷ ಲಿವರ್‌ಪೂಲ್‌ನ ಪತ್ರಿಕೆಯಲ್ಲಿ ಜಾನ್ ಗ್ಲ್ಯಾಡ್‌ಸ್ಟನ್ ಮರ್ಕೇಟರ್ ಎಂಬ ಗುಪ್ತನಾಮದಲ್ಲಿ ಪತ್ರ ಬರೆಯುತ್ತಿದ್ದ. ಗುಲಾಮಗಿರಿಯನ್ನು ವಿರೋಧಿಸುವ ಜೇಮ್ಸ್ ಕ್ರಾಪರ್ ಎಂಬ ವ್ಯಾಪಾರಿಗೆ ಉತ್ತರ ಕೊಡುವುದು ಅವನ ಉದ್ದೇಶ. ತೋಟಗಳಲ್ಲಿ ಎಲ್ಲ ಸರಿಯಾಗಿಯೇ ಇದೆ ಎಂಬ ಧಾಟಿ. ಹತ್ತು ವರ್ಷದ ನಂತರ, 1833ರಲ್ಲಿ, ಮಗ ವಿಲಿಯಂ ಪಾರ್ಲಿಮೆಂಟಿನಲ್ಲಿ ಎದ್ದು ನಿಂತು ಅಪ್ಪನ ತೋಟದ ಪರವಾಗಿ ಮಾತಾಡಿದ.

ಗುಲಾಮಗಿರಿ ಕಾನೂನಿನಲ್ಲಿ ಕೊನೆಯಾದಾಗ ಬ್ರಿಟಿಷ್ ಸರ್ಕಾರ 2 ಕೋಟಿ ಪೌಂಡ್ ಪರಿಹಾರ ಕೊಟ್ಟಿತು. ಗುಲಾಮರಿಗಲ್ಲ, ಒಡೆಯರಿಗೆ. ಜಾನ್ ಗ್ಲ್ಯಾಡ್‌ಸ್ಟನ್‌ಗೆ ಸಿಕ್ಕದ್ದು 2,508 ಜನರ ಲೆಕ್ಕಕ್ಕೆ 1,06,769 ಪೌಂಡ್. ಯೂನಿವರ್ಸಿಟಿ ಕಾಲೇಜ್ ಲಂಡನ್‌ನವರು ಈ ಲೆಕ್ಕವನ್ನೆಲ್ಲ ಡೇಟಾಬೇಸ್ ಮಾಡಿ ಇಟ್ಟಿದ್ದಾರೆ, ಯಾರು ಬೇಕಾದರೂ ನೋಡಬಹುದು. ಆ 2,508 ಜನ ಯಾರು ಅಂತ ನೋಡಬೇಕಾದರೆ ಲಂಡನ್ನಿನ ಕ್ಯೂ ಬಡಾವಣೆಯ ನ್ಯಾಷನಲ್ ಆರ್ಕೈವ್ಸ್‌ನಲ್ಲಿರುವ ಗುಲಾಮರ ರಿಜಿಸ್ಟರ್ ತೆರೆಯಬೇಕು. 1817ರಿಂದ ತೋಟದ ಒಡೆಯರು ಇಂತಿಷ್ಟು ವರ್ಷಕ್ಕೊಮ್ಮೆ ಸಲ್ಲಿಸಬೇಕಿದ್ದ ಪಟ್ಟಿ ಅದು. ಹೆಸರು, ವಯಸ್ಸು, ಮೈಬಣ್ಣ, ಕೆಲಸ, ಹುಟ್ಟಿದ್ದು ಆಫ್ರಿಕಾದಲ್ಲೋ ಇಲ್ಲೋ, ಮೈಮೇಲಿನ ಗುರುತು. ಹೆಚ್ಚಿನ ಕಡೆ ಒಂದೇ ಹೆಸರು. ಅಪ್ಪನ ಹೆಸರಿಗೆ ಅಂಕಣವೇ ಇಲ್ಲ. ಗೆರೆ ಎಳೆದ ಅದೇ ಹಾಳೆ, ಅದೇ ಗುಮಾಸ್ತರ ದುಂಡನೆಯ ಅಕ್ಷರ. ನಾನು ಇಷ್ಟಪಟ್ಟು ಓದುತ್ತಿದ್ದ ಸತ್ತವರ ಆಸ್ತಿಪಟ್ಟಿಗೂ ಇದಕ್ಕೂ ಬರವಣಿಗೆಯಲ್ಲಿ ವ್ಯತ್ಯಾಸವಿಲ್ಲ. ಅಲ್ಲಿ ಜನ ಸಾಲಗಾರರಾಗಿದ್ದರು, ಇಲ್ಲಿ ಜನರೇ ಸರಕು. ಮನೆತನದ ಇತಿಹಾಸ ಅಂತ ನಾನು ಇಷ್ಟು ದಿನ ಹಿಡಿದುಕೊಂಡು ಹೋದದ್ದು ನಿಜವಾಗಿ ಸೊತ್ತಿನ ಇತಿಹಾಸ. ಸೊತ್ತಿನ ಒಡೆಯರಿಗೆ ವಂಶ ಇರುತ್ತದೆ, ಸೊತ್ತಾದವರಿಗೆ ವಯಸ್ಸು ಮತ್ತು ಗುರುತು ಮಾತ್ರ.

ಪರಿಹಾರದ ಕಾಲದಲ್ಲೇ, 1835ರಲ್ಲಿ, ಜಾನ್ ಸರ್ಕಾರದ ಅನುಮತಿ ಪಡೆದು ಮನೆತನದ ಹೆಸರಿನ ಕೊನೆಯ ಎಸ್ ಅಕ್ಷರ ತೆಗೆಸಿದ. ಗ್ಲೆಡ್‌ಸ್ಟೇನ್ಸ್, ಗ್ಲ್ಯಾಡ್‌ಸ್ಟನ್ಸ್, ಗ್ಲ್ಯಾಡ್‌ಸ್ಟನ್. ಹೆಸರನ್ನು ತನಗೆ ಬೇಕಾದ ಹಾಗೆ ಕತ್ತರಿಸಿಕೊಳ್ಳುವುದೂ ಒಂದು ಶ್ರೀಮಂತಿಕೆ.

ಇನ್ನು ನಮ್ಮ ದೇಶದ ಪಾಲು. ಈಸ್ಟ್ ಇಂಡಿಯಾ ಕಂಪನಿಯ ಏಕಸ್ವಾಮ್ಯ 1813ರಲ್ಲಿ ಸಡಿಲವಾದ ಕೂಡಲೇ ಜಾನ್‌ನ ಹಡಗು ಕಲ್ಕತ್ತಾಗೆ ಹೊರಟಿತ್ತು. ಅಲ್ಲಿ ಗಿಲ್ಯಾಂಡರ್ಸ್ ಆರ್ಬತ್‌ನಾಟ್ ಎಂಬ ಕಂಪನಿ ಅವನಿಗೆ ಹತ್ತಿರದ್ದು. 1836ರ ಜನವರಿ 4ರಂದು ಅವನು ಆ ಕಂಪನಿಗೆ ಪತ್ರ ಬರೆದ. ಕಾನೂನು ಬಂದ ಮೇಲೂ ಕೆಲವು ವರ್ಷ ಹಳೇ ಒಡೆಯರಲ್ಲೇ ದುಡಿಯಬೇಕಿದ್ದ ಗುಲಾಮರು ಪೂರ್ತಿ ಬಿಡುಗಡೆಯಾಗುವ ದಿನ ಹತ್ತಿರ ಬರುತ್ತಿದೆ, ತೋಟಕ್ಕೆ ಕೂಲಿಯಾಳು ಬೇಕು, ಮಾರಿಷಸ್‌ಗೆ ಕಳಿಸಿದ ಹಾಗೆ ಡೆಮೆರಾರಾಗೂ ಕಳಿಸಲು ಆಗುತ್ತದೆಯೇ ಎಂದು ಕೇಳಿದ. ಕಷ್ಟವೇನಿಲ್ಲ ಎಂದು ಕಂಪನಿ ಉತ್ತರಿಸಿತು. ಎಲ್ಲಿಗೆ ಹೋಗುತ್ತೇವೆ, ಪ್ರಯಾಣ ಎಷ್ಟು ಉದ್ದ ಎಂಬುದು ಅವರಿಗೆ ಗೊತ್ತೇ ಇರುವುದಿಲ್ಲವಲ್ಲ ಎಂಬುದು ಅದಕ್ಕೆ ಕೊಟ್ಟ ಕಾರಣ. ಸುತ್ತಿ ಬಳಸಿ ಹೇಳಿಲ್ಲ, ವ್ಯಾಪಾರದ ಪತ್ರದಲ್ಲಿ ನೇರವಾಗಿಯೇ ಬರೆದಿದ್ದಾರೆ.

1838ರ ಜನವರಿಯಲ್ಲಿ ವಿಟ್‌ಬಿ ಮತ್ತು ಹೆಸ್ಪರಸ್ ಎಂಬ ಎರಡು ಹಡಗು ಕಲ್ಕತ್ತಾದಿಂದ ಹೊರಟವು. ಮೇ 5ರಂದು ತಲುಪಿದವು. ಇಳಿದವರು 396 ಜನ. ಬಹಳಷ್ಟು ಜನ ಛೋಟಾ ನಾಗಪುರದ ಗುಡ್ಡಗಾಡಿನವರು. ಗ್ಲ್ಯಾಡ್‌ಸ್ಟನ್ ತೋಟ ವ್ರೀಡ್‌ಎನ್‌ಹೋಪ್‌ಗೂ ಒಂದಿಷ್ಟು ಜನ ಹೋದರು. ಚಾಟಿ ಏಟು, ಕಾಯಿಲೆ, ಓಡಿಹೋಗುವ ಪ್ರಯತ್ನ. ಸುದ್ದಿ ಹೊರಬಿದ್ದ ಮೇಲೆ ಭಾರತದಿಂದ ಕೂಲಿ ಸಾಗಣೆಯನ್ನು ಕೆಲವು ವರ್ಷ ನಿಲ್ಲಿಸಬೇಕಾಯಿತು. ಆಮೇಲೆ ಮತ್ತೆ ಶುರುವಾಗಿ 1917ರವರೆಗೂ ನಡೆಯಿತು. ಆ ಹೊತ್ತಿಗೆ ಬ್ರಿಟಿಷ್ ಗಯಾನಾಗೆ ಹೋದವರ ಲೆಕ್ಕ ಸುಮಾರು 2,39,000. ಮದರಾಸು ಬಂದರಿನಿಂದಲೂ ಒಂದಿಷ್ಟು ಹಡಗು ಹೋಗಿವೆ. ನಂತರದ ಕಾಲದ ಕೂಲಿಪಾಸ್‌ಗಳಲ್ಲಿ ಅಪ್ಪನ ಹೆಸರು, ಊರು, ಠಾಣೆ, ಜಿಲ್ಲೆ, ಜಾತಿ ಎಲ್ಲ ಬರೆದಿರುತ್ತಿದ್ದರು. ಗಯಾನಾದವರು ಇವತ್ತು ಬಿಹಾರದ, ಉತ್ತರ ಪ್ರದೇಶದ ಹಳ್ಳಿಗಳಿಗೆ ಬಂದು ಮುತ್ತಜ್ಜನ ಮನೆ ಹುಡುಕುವುದು ಆ ಚೀಟಿ ಹಿಡಿದುಕೊಂಡೇ. ಗುಲಾಮರ ಮೊಮ್ಮಕ್ಕಳಿಗೆ ಅಷ್ಟೂ ಇಲ್ಲ.

ಜಾನ್ ಮುಪ್ಪಿನಲ್ಲಿ ಸ್ಕಾಟ್ಲೆಂಡಿಗೆ ವಾಪಸ್ ಬಂದ. ಫ್ಯಾಸ್ಕ್ ಎಂಬಲ್ಲಿ ಎಸ್ಟೇಟು ಮೊದಲೇ ಕೊಂಡಿದ್ದ, 1846ರಲ್ಲಿ ಬ್ಯಾರೊನೆಟ್ ಪದವಿ ಬಂತು. ಹುಟ್ಟಿದೂರಿನ ಮೇಲೆ ಪ್ರೀತಿ ಇತ್ತು. ಲೀತ್‌ನ ಶೆರಿಫ್ ಬ್ರೇ ದಿಣ್ಣೆಯ ಮೇಲೆ, ತಾನು ಆಡಿ ಬೆಳೆದ ಓಣಿಗಳ ಪಕ್ಕದಲ್ಲೇ, ದುಡ್ಡು ಹಾಕಿ ಸೇಂಟ್ ಥಾಮಸ್ ಚರ್ಚು ಕಟ್ಟಿಸಿದ. ಜೊತೆಗೆ ಶಾಲೆ, ಗುಣವಾಗದ ಕಾಯಿಲೆಯ ಹೆಂಗಸರಿಗೆ ಒಂದು ಆಶ್ರಯ. ಚರ್ಚು 1843ರಲ್ಲಿ ಮುಗಿಯಿತು. ಚೂಪು ಗೋಪುರದ ಕಲ್ಲಿನ ಕಟ್ಟಡ, ಈಗಲೂ ಗಟ್ಟಿಯಾಗಿದೆ. 1970ರ ದಶಕದಿಂದ ಅದು ಗುರುನಾನಕ್ ಗುರುದ್ವಾರ. ಕೂಲಿಯಾಳು ಕಳಿಸಿ ಎಂದು ಕಲ್ಕತ್ತಾಗೆ ಬರೆದವನ ದುಡ್ಡಿನಲ್ಲಿ ಎದ್ದ ಗೋಡೆಗಳ ನಡುವೆ ಸಿಖ್ಖರು ಲಂಗರ್ ಎಂಬ ಅನ್ನದಾನ ನಡೆಸುತ್ತಾರೆ. ಬಂದವರಿಗೆಲ್ಲ ಊಟ. ಜಾನ್‌ಗೆ ಇದು ಹೇಗೆ ಅನಿಸುತ್ತಿತ್ತೋ, ನನಗಂತೂ ಒಳಗೊಳಗೇ ಖುಷಿ.

2023ರ ಆಗಸ್ಟ್‌ನಲ್ಲಿ, ದಂಗೆಗೆ 200 ವರ್ಷ ತುಂಬಿದಾಗ, ಗ್ಲ್ಯಾಡ್‌ಸ್ಟನ್ ವಂಶದ ಕೆಲವರು ಗಯಾನಾಗೆ ಹೋಗಿ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಕ್ಷಮೆ ಕೇಳಿದರು. ಸಂಶೋಧನೆಗೆ ದುಡ್ಡನ್ನೂ ಕೊಟ್ಟರು. ಕ್ಷಮೆಯಿಂದ ಏನಾಗುತ್ತದೆ, ಪರಿಹಾರ ಕೊಡಿ ಎಂದು ಅಲ್ಲೇ ಕೂಗಿದವರೂ ಇದ್ದರು. ಇಬ್ಬರ ಮಾತೂ ನನಗೆ ಅರ್ಥವಾಗುತ್ತದೆ. ವಂಶ ಹುಡುಕುವ ಹುಚ್ಚಿರುವ ನನಗೆ ಇನ್ನೂ ಒಂದು ಆಸೆ ಇದೆ. ವೇಲ್ಸ್‌ನ ಹಾರ್ಡನ್‌ನಲ್ಲಿ ಗ್ಲ್ಯಾಡ್‌ಸ್ಟನ್ ಲೈಬ್ರರಿ ಇದೆ. ಮನೆತನದ ಪತ್ರಗಳ ದೊಡ್ಡ ಸಂಗ್ರಹ ಅಲ್ಲಿಯದು, ಜಾನ್‌ನ ವ್ಯಾಪಾರದ ಕಾಗದಗಳೂ ಅದರಲ್ಲಿವೆ. ತೋಟಗಳಿಗೆ ಸಂಬಂಧಿಸಿದ ಪ್ರತಿ ಹಾಳೆಯನ್ನೂ ಸ್ಕ್ಯಾನ್ ಮಾಡಿ, ಅದರಲ್ಲಿರುವ ಪ್ರತಿ ಹೆಸರಿಗೂ ಸೂಚಿ ಮಾಡಿ, ಪುಕ್ಕಟೆಯಾಗಿ ಹಾಕಬೇಕು. ಸ್ಕಾಟ್ಲೆಂಡಿನ ಚರ್ಚಿನ ಪುಟ ನೋಡುವುದಕ್ಕೆ ನಾನು ದುಡ್ಡು ಕಟ್ಟುತ್ತೇನೆ, ತಕರಾರಿಲ್ಲ. ಜಾರ್ಜ್‌ಟೌನ್‌ನಲ್ಲಿ ಕೂತು ಸಕ್ಸೆಸ್ ತೋಟದ ಒಂದು ಹೆಸರು ಹುಡುಕುವವರು ಕಟ್ಟಬಾರದು.